ಮಿರ್ಚಿ ಪರೀಕ್ಷಕರ ಗುರುತಿನ ಚೀಟಿ: ಮೂರು ಬಗೆಯಲ್ಲಿ ಮಾಡಿ ನೋಡಿದ್ದು

ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಗೆಂದು ನಮ್ಮ ಮನೆಗೆ ಬರುವ ನೆಂಟರಿಗೆ ಹಂಚಲು ಈ ಸಲ ತಮಾಷೆಯ ಗುರುತಿನ ಚೀಟಿಗಳನ್ನು ಸಿದ್ಧಪಡಿಸಿದೆ. ಹುದ್ದೆ ‘ಹಿರಿಯ ಮಿರ್ಚಿ ಪರೀಕ್ಷಕರು’, ಕಚೇರಿ ‘ಒಲೆಯ ಮುಂದೆ’, ಅವಧಿ ‘ಎಣ್ಣೆ ಆರುವವರೆಗೆ’. ಸರ್ಕಾರಿ ಲಾಂಛನವನ್ನು ಹೀಗೆ ಬಳಸುವಂತಿಲ್ಲವಾದ್ದರಿಂದ, ಅದರ ಜಾಗದಲ್ಲಿ ಎದುರುಬದುರಾಗಿ ನಿಂತ ಎರಡು ಮೆಣಸಿನಕಾಯಿಗಳನ್ನು ಕೂರಿಸಿದೆ.

ಮೊದಲನೆಯದು ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದದ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದದ್ದು. ಮಕ್ಕಳು ಅದನ್ನು ಕೊರಳಿಗೆ ಕಟ್ಟಿಕೊಂಡರು; ದೊಡ್ಡವರು ‘ಚಲೋ ಐತಿ’ ಎಂದು ಚಹಾದ ಲೋಟದ ಕೆಳಗೆ ಇಟ್ಟರು.

ಎರಡನೆಯದು ಪಿವಿಸಿ ಕಾರ್ಡ್. ಅಚ್ಚು ನಿಚ್ಚಳವಾಗಿ ಬಂದಿತ್ತು, ಅಂಚು ನುಣುಪಾಗಿತ್ತು. ಮೂರರಲ್ಲಿ ಇದೇ ಗೆಲ್ಲುವುದೆಂದು ನಾನು ನಂಬಿದ್ದೆ. ಆದರೆ ಕೈಗೆ ತೆಗೆದುಕೊಂಡವರಲ್ಲಿ ಹೆಚ್ಚಿನವರು ನಗಲಿಲ್ಲ. ‘ಇದನ್ನ ಎಲ್ಲಿ ಮಾಡಿಸ್ತಾರ, ಆಧಾರ್ ಬೇಕೇನು?’ ಎಂದು ದೊಡ್ಡಮ್ಮ ಗಂಭೀರವಾಗಿಯೇ ಕೇಳಿದರು. 85.6 ಮಿ.ಮೀ. ಉದ್ದ, ಸುಮಾರು 54 ಮಿ.ಮೀ. ಅಗಲದ ಈ ಕಾರ್ಡಿನ ಅಳತೆ ಎಟಿಎಂ ಕಾರ್ಡಿನದೂ ಹೌದು, ಚಾಲನಾ ಪರವಾನಗಿಯದೂ ಹೌದು. ಆದ್ದರಿಂದ ನೋಡುವವರು ಆಕಾರವನ್ನು ಗುರುತಿಸಿ ಅಲ್ಲಿಗೇ ನಿಲ್ಲುತ್ತಾರೆ, ಅಕ್ಷರದವರೆಗೆ ಹೋಗುವುದಿಲ್ಲ. 2023ರಿಂದ ಶಕ್ತಿ ಯೋಜನೆಯಡಿ ಬಸ್ಸಿನಲ್ಲಿ ಗುರುತಿನ ಚೀಟಿ ತೋರಿಸುವುದು ನಮಗೆ ರೂಢಿಯಾಗಿದೆಯಷ್ಟೆ. ಗಂಗಾವತಿಗೆ ಹೊರಟ ದಿನ ಆ ರೂಢಿಯಲ್ಲೇ ಪರ್ಸಿನಿಂದ ಇದನ್ನು ಎತ್ತಿ ಹಿಡಿದುಬಿಟ್ಟೆ. ನಿರ್ವಾಹಕರು ಶೂನ್ಯ ದರದ ಟಿಕೆಟ್ ಕೊಡಲು ಯಂತ್ರದ ಮೇಲೆ ಬೆರಳಿಟ್ಟವರು ಮತ್ತೊಮ್ಮೆ ನೋಡಿ, ‘ಅಕ್ಕಾರ, ಇದು ಯಾವ ಇಲಾಖೆದ್ದರೀ?’ ಎಂದರು. ನಾಚಿಕೆಯಿಂದ ನಿಜವಾದದ್ದನ್ನು ಹುಡುಕಿ ಕೊಟ್ಟೆ. ಅಂದಿನಿಂದ ಪಿವಿಸಿ ಕಾರ್ಡ್ ಪರ್ಸಿನಲ್ಲಿಲ್ಲ.

ಮೂರನೆಯದು ಸಾದಾ ಕಾಗದದ ಮೇಲೆ ಬಣ್ಣದ ಮುದ್ರಣ ತೆಗೆಸಿ, ಝೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸಿದ್ದು. ಕಾಗದದ ಅಂಚಿಗೇ ಕತ್ತರಿ ಹಾಕಿದರೆ ಪದರ ಬಿಡುತ್ತದೆಯಾದ್ದರಿಂದ ಸುತ್ತಲೂ ಎರಡು ಮೂರು ಮಿ.ಮೀ. ಪ್ಲಾಸ್ಟಿಕ್ ಉಳಿಸಬೇಕು. ಮನೆಯಲ್ಲಿ ಮಾಡಿದ್ದೆಂದು ಸಾರುವುದು ಆ ಅಂಚೇ. ಅದನ್ನು ಕಂಡವರಿಗೆ ಇದರಲ್ಲೇನೋ ಇದೆಯೆಂದು ಅನ್ನಿಸಿ, ಕೊನೆಯ ಸಾಲಿನವರೆಗೂ ಓದುತ್ತಾರೆ. ಎಣ್ಣೆಗೈಯಲ್ಲಿ ಹಿಡಿದರೂ ಒರೆಸಿದರೆ ಸಾಕು. ನನ್ನ ಆಯ್ಕೆ ಇದೇ.

ನಮ್ಮ ಸೋದರಮಾವ ಇದನ್ನು ಅಂಗಿಯ ಕಿಸೆಗೆ ಸಿಕ್ಕಿಸಿಕೊಂಡು ಮಿರ್ಚಿ ಬಂಡಿಯ ಮುಂದೆ ಹೋಗಿ ನಿಂತರು. ಬಂಡಿಯವರು ಜಾಲರಿ ಸೌಟನ್ನು ಪಕ್ಕಕ್ಕಿಟ್ಟು, ಪೂರ್ತಿ ಓದಿ, ‘ಪರೀಕ್ಷೆ ಮಾಡ್ರಿ ಸಾಹೇಬ್ರ, ರೊಕ್ಕ ಮಾತ್ರ ಮೊದಲ ಕೊಡ್ರಿ’ ಎಂದರು.