ದಾವಣಗೆರೆ ಬಾಕ್ಸಿಂಗ್ ಕ್ಲಾಸ್ ರಿವ್ಯೂ: ಜೋಡಿ ಹಾಕೋ ರೀತಿಗೇ ನನ್ನ ಪೂರ್ತಿ ಮಾರ್ಕ್ಸು

ಹದಡಿ ರೋಡ್ ಕಡೆ ಗೋಡೌನ್ ಬಾಡಿಗೆಗೆ ತಗೊಂಡು ನಡೆಸ್ತಿರೋ ಬಾಕ್ಸಿಂಗ್ ಕ್ಲಾಸ್ ಬಗ್ಗೆ ಈ ರಿವ್ಯೂ. ಅಕ್ಕನ ಮಗನ್ನ ಇಲ್ಲಿ ಸೇರಿಸಿದೀವಿ, ಒಂಬತ್ತನೇ ಕ್ಲಾಸ್ ಹುಡುಗ, ಬಿಡೋಕೆ ಕರ್ಕೊಂಬರೋಕೆ ನಾನೇ ಹೋಗೋದು, ಹಂಗಾಗಿ ಒಳಗೆ ಏನೇನು ನಡೆಯುತ್ತೆ ಅಂತ ಬೆಂಚ್ ಮೇಲೆ ಕೂತು ಪೂರ್ತಿ ನೋಡಿದೀನಿ. ಮೊದಲೇ ಹೇಳ್ಬಿಡ್ತೀನಿ, ಮಕ್ಕಳನ್ನ ಬಾಕ್ಸಿಂಗ್‌ಗೆ ಹಾಕ್ಬೇಕು ಅಂತಿರೋರು ಧೈರ್ಯವಾಗಿ ಸೇರಿಸಿ. ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೀನಿ, ಒಂದು ಯಾಕೆ ಕಟ್ ಆಯ್ತು ಅಂತ ಕೆಳಗೆ ಬರ್ದಿದೀನಿ.

ಜಾಗ ಅಂದ್ರೆ ಶೀಟ್ ಹಾಕಿರೋ ಗೋಡೌನು, ಒಂದು ರಿಂಗು, ನಾಲ್ಕೈದು ಪಂಚಿಂಗ್ ಬ್ಯಾಗು, ಒಂದು ಗೋಡೆಗೆ ಕನ್ನಡಿ, ಇಷ್ಟೇ. ಬೆಳಿಗ್ಗೆ ಒಂದು ಬ್ಯಾಚು, ಸಂಜೆ ಸ್ಕೂಲ್ ಬಿಟ್ಟ ಮೇಲೆ ಒಂದು ಬ್ಯಾಚು. ಹೊಸಬರಿಗೆ ಮೊದಮೊದಲು ಗ್ಲೌಸೇ ಕೊಡಲ್ಲ, ಸ್ಕಿಪಿಂಗು, ನಿಲ್ಲೋ ರೀತಿ, ಹೆಜ್ಜೆ ಹಾಕೋದು, ಕೈಗೆ ಬಟ್ಟೆ ಪಟ್ಟಿ ಸುತ್ಕೊಳ್ಳೋದು, ಬರೀ ಇದನ್ನೇ ಮಾಡಿಸ್ತಾರೆ. ಕೆಲವು ಅಪ್ಪಂದಿರು ಬಂದು ಹೊಡೆಯೋದು ಯಾವಾಗ ಕಲಿಸ್ತೀರ ಸರ್ ಅಂತ ಕೇಳ್ತಾರೆ, ಕೋಚ್ ತಲೆ ಕೆಡಿಸ್ಕೊಳ್ಳಲ್ಲ. ಭಾನುವಾರ ಬೆಳಿಗ್ಗೆ ಕುಂದವಾಡ ಕೆರೆ ಹತ್ರ ಓಡಿಸಿ, ವಾಪಸ್ ಬಂದು ಟಿವೀಲಿ ಒಂದು ಹಳೇ ಫೈಟ್ ಹಾಕ್ತಾರೆ.

ನನಗೆ ಈ ಕ್ಲಾಸ್ ಹಿಡಿಸಿದ್ದು ಜೋಡಿ ಹಾಕೋ ರೀತಿಗೆ. ಯಾರು ಯಾರ ಜೊತೆ ಸ್ಪಾರಿಂಗ್ (ಅಭ್ಯಾಸದ ಫೈಟು) ಮಾಡ್ಬೇಕು ಅನ್ನೋದನ್ನ ಇಲ್ಲಿ ಹುಡುಗರಿಗೂ ಬಿಡಲ್ಲ, ಮನೆಯವರಿಗೂ ಬಿಡಲ್ಲ. ತೂಕ ನೋಡ್ತಾರೆ, ಎಷ್ಟು ಕಲಿತಿದಾನೆ ನೋಡ್ತಾರೆ, ಆಮೇಲೆ ಅವನಿಗಿಂತ ಒಂಚೂರು ಮುಂದಿರೋರ ಜೊತೆ ಬಿಡ್ತಾರೆ, ತೀರಾ ಮುಂದಿರೋರ ಜೊತೆ ಅಲ್ಲ, ಒಂಚೂರು ಅಷ್ಟೇ. ದುಗ್ಗಮ್ಮನ ಜಾತ್ರೆ ಕುಸ್ತಿ ನೋಡಿ ಬೆಳೆದೋರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ, ಜೋಡಿ ಸರಿ ಇಲ್ಲ ಅಂದ್ರೆ ಅಲ್ಲಿ ಜನ ಕೂತಲ್ಲಿಂದಾನೇ ಕೂಗಾಡ್ತಾರೆ, ದೊಡ್ಡ ಪೈಲ್ವಾನ ಬಂದು ಸಣ್ಣ ಹುಡುಗನ್ನ ಚಿತ್ ಮಾಡಿದ್ರೆ ಯಾರೂ ಶಭಾಷ್ ಅನ್ನಲ್ಲ. ಇವನನ್ನ ಮುಂಚೆ ಸೇರಿಸಿದ್ದ ಇನ್ನೊಂದು ಕ್ಲಾಸಲ್ಲಿ ಇದರ ಉಲ್ಟಾ ಇತ್ತು. ಫೀಸ್ ಜಾಸ್ತಿ ಕೊಟ್ಟೋರ ಮಕ್ಕಳಿಗೆ ನಿನ್ನೆ ಮೊನ್ನೆ ಸೇರಿದ ಹುಡುಗರನ್ನ ಎದುರು ನಿಲ್ಲಿಸೋರು, ಅವರು ಹೊಡೀತಿದ್ರೆ ಮೊಬೈಲಲ್ಲಿ ರೀಲ್ಸ್, ಅಪ್ಪ ಅಮ್ಮನ ಸ್ಟೇಟಸಲ್ಲಿ ನನ್ನ ಮಗ ಚಾಂಪಿಯನ್ ಅಂತ. ಆ ಮಕ್ಕಳು ಬೇರೆ ಊರಿಗೆ ಟೂರ್ನಮೆಂಟಿಗೆ ಹೋಗಿ ಮೊದಲನೇ ರೌಂಡಲ್ಲೇ ಕಕ್ಕಾಬಿಕ್ಕಿಯಾಗಿ ನಿಂತಿದ್ದನ್ನ ನೋಡಿ ನನಗೆ ಹೊಟ್ಟೆ ಉರಿದುಹೋಯ್ತು, ಅದರಲ್ಲಿ ಮಕ್ಕಳದ್ದೇನು ತಪ್ಪು.

ಇಲ್ಲಿ ಹೆಂಗೆ ಅಂದ್ರೆ, ಮೊನ್ನೆ ನಮ್ಮ ಹುಡುಗನ್ನ ಪಿಯುಸಿ ಓದೋ ಒಬ್ಬ ಹುಡುಗಿ ಜೊತೆ ಬಿಟ್ರು, ಅವಳು ಎಡಗೈಯವಳು, ಬಾಕ್ಸಿಂಗಲ್ಲಿ ಸೌತ್‌ಪಾ ಅಂತಾರಲ್ಲ ಅದು, ಬಲಗಾಲು ಬಲಗೈ ಮುಂದಿಟ್ಟು ನಿಲ್ಲೋದು. ಇವನು ಮುಂದೆ ಹೋದಾಗೆಲ್ಲ ಇಬ್ಬರ ಮುಂಗಾಲೂ ಒಂದಕ್ಕೊಂದು ತಾಗೋದು, ಇವನ ಜ್ಯಾಬ್ (ಮುಂದಿನ ಕೈಯ ನೇರ ಪಂಚು) ಹೋಗೋಕೆ ಮುಂಚೆನೇ ಅವಳ ಬಲಗೈ ಅಡ್ಡ ಇರೋದು, ಅದನ್ನ ತಪ್ಪಿಸಿ ಒಳಗೆ ನುಗ್ಗಿದ್ರೆ ಅವಳ ಎಡಗೈ ನೆಟ್ಟಗೆ ಬಂದು ಹೆಡ್‌ಗಾರ್ಡ್ ಮೇಲೆ ಟಪ್ ಅಂತ ಬೀಳೋದು. ಕೋಚ್ ಹಗ್ಗದ ಹೊರಗಿಂದ ಒಂದೇ ಮಾತು, "ಕಾಲು ಹೊರಗಿಡಲೇ ತಮ್ಮ, ಅವಳ ಕಾಲಿನ ಹೊರಗ." ಮೂರನೇ ರೌಂಡಲ್ಲಿ ಒಂದ್ಸಲ ಇವನ ಎಡಗಾಲು ಅವಳ ಬಲಗಾಲಿನ ಆಚೆಗೆ ಹೋಗಿ ಬಿತ್ತು ನೋಡಿ, ದಾರಿ ತಾನಾಗೇ ಬಿಚ್ಕೊಂತು, ಬಲಗೈ ಸೀದಾ ಹೋಗಿ ತಾಗ್ತು, ಅವಳೇ ನಕ್ಕು ಗ್ಲೌಸ್‌ಗೆ ಗ್ಲೌಸ್ ತಟ್ಟಿದ್ಲು. ಮನೆಗೆ ಬರ್ತಾ ಬೈಕಲ್ಲಿ ಹಿಂದೆ ಕೂತು "ಮಾಮ, ಮುಂದಿನ ವಾರನೂ ಆ ಅಕ್ಕನ ಜೊತೆನೇ ಹಾಕ್ರಿ ಅಂತ ಸರ್‌ಗೆ ಹೇಳ್ತೀಯಾ" ಅಂದ, ತಿಂದ ಏಟಿನ ಬಗ್ಗೆ ಒಂದು ಮಾತಿಲ್ಲ. ಪ್ರತಿಯೊಬ್ಬರ ಹತ್ರನೂ ಒಂದು ನೋಟ್‌ಬುಕ್ ಇರ್ಬೇಕು ಇಲ್ಲಿ, ಅದರಲ್ಲಿ ಗೆದ್ದೆ ಸೋತೆ ಅಂತ ಬರೆಯೋ ಹಂಗಿಲ್ಲ, ಯಾರ ಜೊತೆ ಆಡಿದೆ, ಅವರು ಏನು ಚೆನ್ನಾಗಿ ಮಾಡಿದ್ರು ಅಂತ ಬರೀಬೇಕು.

ಭಾನುವಾರದ ಟಿವಿ ಸೆಷನ್ ಬಗ್ಗೆ ಜಾಸ್ತಿ ಬರೀಬೇಕು ಅನ್ಸುತ್ತೆ, ಯಾಕಂದ್ರೆ ಬೇರೆ ಯಾವ ಕ್ಲಾಸಲ್ಲೂ ನಾನಿದನ್ನ ನೋಡಿಲ್ಲ. ಫೈಟ್ ಮುಗಿದ ಮೇಲೆ ಮಂಡಕ್ಕಿ ಮಿರ್ಚಿ ತರಿಸ್ತಾರೆ, ಚಾಂಪಿಯನ್ ದೊಡ್ಡೋನಾಗೋದು ಎಷ್ಟು ಗೆದ್ದ ಅನ್ನೋದ್ರಿಂದಾನಾ, ಯಾರ ಎದುರು ನಿಂತ ಅನ್ನೋದ್ರಿಂದಾನಾ ಅಂತ ಚರ್ಚೆ ಶುರುವಾಗುತ್ತೆ, ನಮ್ಮಂಥ ಬೆಂಚಿನ ಗಿರಾಕಿಗಳೂ ಬಾಯಿ ಹಾಕ್ಬಹುದು. ಬೆಳಿಗ್ಗೆ ಬ್ಯಾಚಿಗೆ ಬರೋ ಒಬ್ಬರು ಅಮೆರಿಕದ ಬಾಕ್ಸರ್ ಮೇವೆದರ್‌ನ ಪಕ್ಕಾ ಫ್ಯಾನು, ಐವತ್ತಕ್ಕೆ ಐವತ್ತು ಗೆದ್ದಿದಾನೆ ಕಣ್ರೀ, ಇನ್ನೇನು ಬೇಕು ಅಂತಾರೆ. ನನ್ನ ವಾದ ಏನಂದ್ರೆ ಆ ಐವತ್ತನೇದು 2017ರ ಆಗಸ್ಟಲ್ಲಿ ಮಿಕ್ಸೆಡ್ ಮಾರ್ಷಲ್ ಆರ್ಟ್ಸ್ ಫೈಟರ್ ಮೆಕ್‌ಗ್ರೆಗರ್ ಮೇಲೆ, ಆ ಮನುಷ್ಯನಿಗೆ ಅದು ಜೀವನದ ಮೊದಲನೇ ಪ್ರೊಫೆಷನಲ್ ಬಾಕ್ಸಿಂಗ್ ಫೈಟು. ಹಳೇ ಹೆವಿವೇಟ್ ಚಾಂಪಿಯನ್ ರಾಕಿ ಮಾರ್ಸಿಯಾನೋ ಒಂದೂ ಸೋಲದೆ ಗೆದ್ದ 49ನ್ನ ದಾಟಿದ ಗೆಲುವು ಅಂತ ಅದನ್ನ ಹೆಂಗೆ ಲೆಕ್ಕಕ್ಕೆ ತಗೊಳ್ಳೋದು? ಹಂಗಂತ ಮೇವೆದರ್ ಬರೀ ಕೈಲಾಗದೋರನ್ನ ಹೊಡ್ದ ಅಂತ ಹೇಳೋರ ಮಾತೂ ನಾನು ಒಪ್ಪಲ್ಲ, 2001ರಲ್ಲಿ ಕೊರಾಲೆಸ್, 2002ರಲ್ಲಿ ಎರಡು ಸಲ ಕಾಸ್ಟಿಯೋ, 2007ರಲ್ಲಿ ಡಿ ಲಾ ಹೋಯಾ, ಹ್ಯಾಟನ್, 2012ರಲ್ಲಿ ಕೊಟ್ಟೋ, ಇವರ್ಯಾರೂ ದಾರೀಲಿ ಸಿಕ್ಕೋರಲ್ಲ. ನನ್ನ ತಕರಾರು ಇರೋದು ಟೈಮಿಂಗ್ ಮೇಲೆ. ಫಿಲಿಪೀನ್ಸ್ ಬಾಕ್ಸರ್ ಪಕಿಯಾವ್ ಜೊತೆ 2009ರ ಕೊನೇಲಿ ಮಾತುಕತೆ ಶುರುವಾಗಿ ಡ್ರಗ್ ಟೆಸ್ಟಿನ ರಕ್ತ ಪರೀಕ್ಷೆ ವಿಷಯಕ್ಕೆ ಮುರಿದುಬಿತ್ತು, ಕೊನೆಗೆ ಫೈಟ್ ಆಗಿದ್ದು 2015ರ ಮೇನಲ್ಲಿ. ಮಧ್ಯದಲ್ಲಿ 2012ರ ಡಿಸೆಂಬರಲ್ಲಿ ಮಾರ್ಕೆಸ್ ಒಂದೇ ಪಂಚಿಗೆ ಪಕಿಯಾವ್‌ನ ಮಕಾಡೆ ಮಲಗಿಸಿದ್ದ. 2010ರ ಪಕಿಯಾವ್‌ನ ಗೆದ್ದಿದ್ರೆ ಯಾರೂ ಬಾಯಿ ಬಿಡೋ ಹಂಗೇ ಇರ್ತಿರ್ಲಿಲ್ಲ, 36 ವರ್ಷದ ಪಕಿಯಾವ್‌ನ ಗೆದ್ದಿದ್ದಕ್ಕೆ ದುಡ್ಡು ಬಂತು, ಪ್ರಶ್ನೆ ಹಂಗೇ ಉಳೀತು.

ಆ ವಯ್ಯನ ಉತ್ತರ ಏನು ಗೊತ್ತಾ, ತಪ್ಪು ಎರಡೂ ಕಡೆ ಇತ್ತು, ಬರೀ ಚಾಂಪಿಯನ್‌ನ ಯಾಕೆ ಬೈತೀರಿ ಅಂತ. ಅದೂ ಒಂದು ಮಟ್ಟಿಗೆ ನಿಜಾನೇ. ಪ್ರೊಫೆಷನಲ್ ಬಾಕ್ಸಿಂಗಲ್ಲಿ ಬೆಲ್ಟ್ ಕೊಡೋ ದೊಡ್ಡ ಸಂಸ್ಥೆಗಳೇ ನಾಲ್ಕು, ಒಂದೊಂದಕ್ಕೂ ಒಬ್ಬೊಬ್ಬ ಕಡ್ಡಾಯ ಚಾಲೆಂಜರ್ (ಚಾಂಪಿಯನ್ ಎದುರಿಸ್ಲೇಬೇಕಾದೋನು), ಪ್ರಮೋಟರ್‌ಗಳ ಜಗಳ ಬೇರೆ, ಟಿವಿ ಕಂಪನಿ ಬೇರೆ ಬೇರೆ ಇದ್ರೆ ಇಬ್ಬರನ್ನ ಒಂದು ರಿಂಗಿಗೆ ತರೋದ್ರಲ್ಲಿ ವರ್ಷಗಳೇ ಕಳೆದುಹೋಗುತ್ತೆ. ಆದ್ರೆ ಚಾಂಪಿಯನ್ ಆದೋನಿಗೆ ಸಾಮಾನ್ಯ ಬಾಕ್ಸರ್‌ಗಿಂತ ಜಾಸ್ತಿ ಹಿಡಿತ ಇರುತ್ತೆ, ದುಡ್ಡು ಬರೋದು ಅವನ ಹೆಸರಿಂದ, ಅವನು ಇವನೇ ಬೇಕು ಅಂತ ಪಟ್ಟು ಹಿಡಿದ್ರೆ ಮುಕ್ಕಾಲು ಪಾಲು ಕೆಲಸ ಆಗುತ್ತೆ. 1992ರಲ್ಲಿ ಹೆವಿವೇಟ್ ಚಾಂಪಿಯನ್ ರಿಡ್ಡಿಕ್ ಬೋ ಏನ್ ಮಾಡ್ದ, ಲೆನಾಕ್ಸ್ ಲೂಯಿಸ್ ಜೊತೆ ಆಡ್ಬೇಕಾಗುತ್ತೆ ಅಂತ ಆ ನಾಲ್ಕು ಸಂಸ್ಥೇಲಿ ಒಂದಾದ ಡಬ್ಲ್ಯೂಬಿಸಿಯ ಬೆಲ್ಟನ್ನ ಕ್ಯಾಮೆರಾ ಮುಂದೆ ಕಸದ ಡಬ್ಬಿಗೆ ಹಾಕ್ದ. ಅದೇ ಲೂಯಿಸ್ 1988ರ ಸೋಲ್ ಒಲಿಂಪಿಕ್ಸ್ ಫೈನಲಲ್ಲಿ ಬೋನ ಸೋಲಿಸಿದ್ದ! ಹೋಲಿಫೀಲ್ಡ್ ಜೊತೆ ಮೂರು ಯುದ್ಧ ಮಾಡಿ ಎರಡು ಗೆದ್ದ ಅಂಥಾ ಬಾಕ್ಸರ್ ಬೋ, ಆದ್ರೆ ಇವತ್ತಿಗೂ ಅವನ ಹೆಸರು ಬಂದ್ರೆ ಆ ಕಸದ ಡಬ್ಬಿ ಮಾತು ಬಂದೇ ಬರುತ್ತೆ.

ಮೆಕ್ಸಿಕೋದ ಚಾಂಪಿಯನ್ ಕನೆಲೊ ವಿಷಯದಲ್ಲಿ ನನಗೆ ಎರಡು ಮನಸ್ಸು. ಗೊಲೊವ್ಕಿನ್ ಕಡ್ಡಾಯ ಚಾಲೆಂಜರ್ ಆಗಿ ಎದುರಿಗೇ ಇದ್ದಾಗ 2016ರಲ್ಲಿ ಬೆಲ್ಟ್ ಬಿಟ್ಟುಕೊಟ್ಟ, 2017ರಲ್ಲಿ ಆಡೋ ಹೊತ್ತಿಗೆ ಗೊಲೊವ್ಕಿನ್‌ಗೆ 35, ಮೂರನೇ ಫೈಟ್ ಹೊತ್ತಿಗೆ 40. ಬೆನವಿಡೆಜ್ ಜೊತೆ ಆಡು ಅಂತ ಜನ ಕೇಳಿ ಕೇಳಿ ಸುಸ್ತಾದ್ರು, ಆಗ್ಲೇ ಇಲ್ಲ. ಇನ್ನೊಂದು ಕಡೆ ನೋಡಿದ್ರೆ 2022ರ ಮೇನಲ್ಲಿ 175 ಪೌಂಡ್ ತೂಕದ ಡಿವಿಷನ್ನಿಗೆ ಹತ್ತಿ ಅಲ್ಲಿನ ಚಾಂಪಿಯನ್ ಬಿವೋಲ್ ಎದುರು ನಿಂತ, ಸೋತ, ಆ ಸೋಲನ್ನ ನಾನು ಅವನ ಎಷ್ಟೋ ಗೆಲುವಿಗಿಂತ ಮೇಲೆ ಇಡ್ತೀನಿ. 2025ರ ಸೆಪ್ಟೆಂಬರಲ್ಲಿ ಕ್ರಾಫರ್ಡ್ ಎರಡು ಡಿವಿಷನ್ ಮೇಲೆ ಬಂದು ಅವನನ್ನ ಸೋಲಿಸಿದ್ದು ನೋಡಿ, ಕ್ರಾಫರ್ಡ್‌ಗೆ ಆಗ 37 ವರ್ಷ, ಮೈಗೆ ಹೊಂದೋ ತೂಕದಲ್ಲೇ ಉಳ್ಕೊಂಡು ಆರಾಮಾಗಿ ದುಡ್ಡು ಮಾಡ್ಬಹುದಿತ್ತು. ಅದನ್ನ ಬಿಟ್ಟು ಕಷ್ಟದ ದಾರಿ ಹಿಡಿದ, ಆ ಒಂದು ರಾತ್ರಿ ಅವನ ಹೆಸರನ್ನ ಬೇರೆ ಪುಸ್ತಕದಲ್ಲೇ ಬರೆಸ್ತು.

ಕೋಚ್‌ಗೆ ಮಾತ್ರ ಉಕ್ರೇನಿನ ಊಸಿಕ್ ಅಂದ್ರೆ ಪ್ರಾಣ, ನನಗೂ ಅಷ್ಟೇ. ಕ್ರೂಸರ್‌ವೇಟಲ್ಲಿ (ಹೆವಿವೇಟಿಗಿಂತ ಕೆಳಗಿನ ತೂಕ) ಬ್ರೀಡಿಸ್‌ನ ರೀಗಾದಲ್ಲಿ, ಗಾಸ್ಸಿಯೆವ್‌ನ ಮಾಸ್ಕೋದಲ್ಲಿ, ಬೆಲ್ಯೂನ ಮ್ಯಾಂಚೆಸ್ಟರಲ್ಲಿ, ಹಿಂಗೆ ಎದುರಾಳಿ ಮನೆಗೇ ಹೋಗಿ ಅವರ ಜನರ ಮುಂದೆನೇ ಗೆದ್ದು ಬಂದ. ಹೆವಿವೇಟಿಗೆ ಬಂದ ಮೇಲೆ 2021ರಲ್ಲಿ ಜೋಶುವಾನ ಲಂಡನ್ನಲ್ಲಿ, 2024ರಲ್ಲಿ ಫ್ಯೂರೀನ ಎರಡು ಸಲ, 2025ರ ಜುಲೈಯಲ್ಲಿ ಡುಬೊವಾನ ವೆಂಬ್ಲೀಲಿ. ಈ ಪಟ್ಟಿ ಓದಿದ್ರೆ ಅವನು ಯಾರನ್ನ ತಪ್ಪಿಸ್ಕೊಂಡ ಅಂತ ಕೇಳೋಕೆ ಬಾಯೇ ಬರಲ್ಲ. ಮುಹಮ್ಮದ್ ಅಲಿ ಕಥೆನೂ ಇದೇ ತಾನೇ, ಐದು ಸೋಲಿದೆ ರೆಕಾರ್ಡಲ್ಲಿ, ಯಾರಾದ್ರೂ ಆ ಐದನ್ನ ಎಣಿಸ್ತಾರಾ? ಲಿಸ್ಟನ್, ಫ್ರೇಜಿಯರ್, ನಾರ್ಟನ್, ಫೋರ್ಮನ್ ಅಂತ ಎದುರಿಗೆ ನಿಂತೋರ ಹೆಸರೇ ಹೇಳೋದು.

ಒಬ್ಬ ಹುಡುಗ ಒಳ್ಳೇ ಪ್ರಶ್ನೆ ಕೇಳ್ದ, ಹಳೇ ಕಾಲದ ಹೆವಿವೇಟ್ ಚಾಂಪಿಯನ್ ಜೋ ಲೂಯಿಸ್ 25 ಸಲ ಟೈಟಲ್ ಉಳಿಸ್ಕೊಂಡಿದಾನಲ್ಲ ಸರ್, ಅದರಲ್ಲಿ ಎಲ್ಲಾರೂ ಘಟಾನುಘಟಿಗಳಾ ಅಂತ. ಅಲ್ಲ, 1940ರ ಕೊನೆಯಿಂದ 41ರ ವರೆಗೆ ಹೆಚ್ಚುಕಮ್ಮಿ ತಿಂಗಳಿಗೊಬ್ಬನ ಜೊತೆ ಆಡ್ತಿದ್ದ, ಪೇಪರ್‌ನೋರು ಆ ಎದುರಾಳಿಗಳನ್ನ ಗೇಲಿ ಮಾಡೋರು. ಆದ್ರೆ ಅದೇ ಸಾಲಲ್ಲಿ 1941ರ ಜೂನಲ್ಲಿ ಬಿಲ್ಲಿ ಕಾನ್ ಬಂದು 12 ರೌಂಡ್ ವರೆಗೂ ಮುಂದಿದ್ದ, 13ರಲ್ಲಿ ಲೂಯಿಸ್ ನಾಕ್‌ಔಟ್ ಮಾಡ್ದ. ನನ್ನ ಪ್ರಕಾರ ಇದರಲ್ಲಿ ವ್ಯತ್ಯಾಸ ಇದೆ, ಇದ್ದೋರನ್ನೆಲ್ಲ ಎದುರಿಸೋನು ಮಧ್ಯೆ ದುರ್ಬಲರನ್ನೂ ಹೊಡೆದ್ರೆ ತಪ್ಪಿಲ್ಲ, ವರ್ಷಕ್ಕೆ ಒಂದೇ ಫೈಟ್ ಆಡೋನು ಅದರಲ್ಲೂ ಸುಲಭದವನ್ನ ಹುಡುಕಿದ್ರೆ ಅದು ಲೆಕ್ಕಕ್ಕೆ ಬರುತ್ತೆ.

ನಮ್ಮ ವಿಜೇಂದರ್ ಸಿಂಗ್ 2015ರಲ್ಲಿ ಪ್ರೊಫೆಷನಲ್ ಆಗಿ ಸತತ 12 ಗೆದ್ದ, 2021ರ ಮಾರ್ಚಲ್ಲಿ ಗೋವಾದಲ್ಲಿ ರಷ್ಯಾದ ಲೊಪ್ಸಾನ್ ಎದುರು ಸೋತ. ಆ 12ರಲ್ಲಿ ಎಷ್ಟು ಹೆಸರು ಜನರಿಗೆ ನೆನಪಿದೆ ಹೇಳಿ, ಆದ್ರೆ 2008ರ ಬೀಜಿಂಗ್ ಕಂಚು ಎಲ್ಲರಿಗೂ ನೆನಪಿದೆ, ಯಾಕಂದ್ರೆ ಒಲಿಂಪಿಕ್ಸಲ್ಲಿ ಎದುರಾಳಿನ ಆರಿಸ್ಕೊಳ್ಳೋ ಮಾತೇ ಇಲ್ಲ, ಡ್ರಾ ಯಾರನ್ನ ಕೊಡುತ್ತೋ ಅವರ ಎದುರು ನಿಲ್ಬೇಕು. 2019ರಲ್ಲಿ ನಿಖತ್ ಝರೀನ್ ಟ್ರಯಲ್ಸ್ (ತಂಡಕ್ಕೆ ಆಯ್ಕೆ ಮಾಡೋ ಫೈಟು) ಬೇಕೇ ಬೇಕು ಅಂತ ಹಠ ಹಿಡಿದಾಗ ಮೇರಿ ಕೋಮ್ ಆಗ್ಲೇ ಆರು ಸಲದ ವಿಶ್ವ ಚಾಂಪಿಯನ್, ಆದ್ರೂ ಡಿಸೆಂಬರಲ್ಲಿ ರಿಂಗಿಗಿಳಿದು 9-1ರಲ್ಲಿ ಗೆದ್ದೇ ಹೋದ್ರು. ಅದೇ ನಿಖತ್ 2022, 2023ರಲ್ಲಿ ವಿಶ್ವ ಚಾಂಪಿಯನ್ ಆದ್ಲು. ಆಮೇಲೆ ಯೋಚಿಸಿದ್ರೆ ಮೇರಿಯ ಆ ಗೆಲುವಿನ ಬೆಲೆ ಎಷ್ಟು ಏರ್ತು ನೋಡಿ, ಟ್ರಯಲ್ಸೇ ನಡೀದೆ ಹೋಗಿದ್ರೆ ಇಬ್ಬರಿಗೂ ಅದು ಮುಳ್ಳಾಗಿ ಉಳ್ಕೊಳ್ತಿತ್ತು.

ಸರಿ, ಒಂದು ಸ್ಟಾರ್ ಯಾಕೆ ಕಟ್ ಅಂದ್ರೆ, ಶೀಟಿನ ಗೋಡೌನು ಬೇಸಿಗೇಲಿ ಕೆಂಡ ಕೆಂಡ, ಏಪ್ರಿಲಲ್ಲಿ ಸಂಜೆ ಬ್ಯಾಚ್ ಮಕ್ಕಳು ಪಾಪ ಬೆಂದು ಹೋಗ್ತಾರೆ, ಎರಡು ಫ್ಯಾನ್ ಯಾವ ಮೂಲೆಗೂ ಸಾಲಲ್ಲ. ಹೆಣ್ಣುಮಕ್ಕಳಿಗೆ ಬಟ್ಟೆ ಬದಲಾಯಿಸೋಕೆ ಸರಿಯಾದ ರೂಮಿಲ್ಲ, ಇದನ್ನ ಕೋಚ್ ಸೀರಿಯಸ್ಸಾಗಿ ತಗೊಳ್ಳೇಬೇಕು, ಹುಡುಗಿಯರು ಇಷ್ಟು ಚೆನ್ನಾಗಿ ಕಲಿಯೋ ಜಾಗದಲ್ಲಿ ಇದೊಂದು ಇಲ್ಲ ಅಂದ್ರೆ ಮನೆಯವರು ಬಿಡಿಸಿ ಕರ್ಕೊಂಡು ಹೋಗ್ತಾರೆ. ಕ್ಲಾಸಿನ ಗ್ಲೌಸು ಎಲ್ಲರೂ ಹಾಕಿ ಹಾಕಿ ವಾಸನೆ ಬಂದಿದೆ, ಆದಷ್ಟು ಬೇಗ ಸ್ವಂತದ್ದು ಕೊಡಿಸಿ. ಹೆಡ್‌ಗಾರ್ಡ್ ಇಲ್ದೆ ಸ್ಪಾರಿಂಗಿಗೆ ಬಿಡಲ್ಲ, ಏಟು ಜೋರಾದ್ರೆ ತಕ್ಷಣ ನಿಲ್ಲಿಸ್ತಾರೆ, ಆ ವಿಷಯದಲ್ಲಿ ಭಯ ಬೇಡ.

ಫೀಸು ಬೇರೆ ಕಡೆಗಿಂತ ಕಮ್ಮಿನೇ, ತಿಂಗಳು ತಿಂಗಳು ಕಟ್ಬಹುದು, ವರ್ಷದ್ದು ಒಟ್ಟಿಗೆ ಕೊಡಿ ಅಂತ ಪೀಡಿಸಲ್ಲ. ಸಂಜೆ ಬ್ಯಾಚ್ ಈಗ ತುಂಬಿದೆ, ಬೆಳಿಗ್ಗೇದ್ರಲ್ಲಿ ಜಾಗ ಇದೆ ಅಂದ್ರು. ಸೇರಿಸೋ ಮುಂಚೆ ಒಂದು ಭಾನುವಾರ ಮಗನನ್ನೋ ಮಗಳನ್ನೋ ಕರ್ಕೊಂಡು ಬಂದು ಸುಮ್ನೆ ಕೂತು ನೋಡಿ, ಯಾರೂ ಬೇಡ ಅನ್ನಲ್ಲ, ಮತ್ತೆ ನಮ್ಮ ಮಗೂನ ಸುಲಭದ ಹುಡುಗನ ಜೊತೆ ಹಾಕಿ ಸರ್ ಅಂತ ಮಾತ್ರ ಕೇಳ್ಬೇಡಿ, ಒಪ್ಪಲ್ಲ.