ಲಿನಕ್ಸ್ ಮಿಂಟ್, ಮೂರು ವರ್ಷದ ಬಳಕೆಯ ನಂತರ: ಡಾಂಗಲ್ ಕಾಟ, ಫೋನ್ ಕೇಬಲ್‌ನ ಉಪಕಾರ

ಮನೆಯ ಡೆಸ್ಕ್‌ಟಾಪಿಗೆ ಲಿನಕ್ಸ್ ಮಿಂಟ್ (ವಿಂಡೋಸ್ ಬದಲಿಗೆ ಬಳಸಬಹುದಾದ ಉಚಿತ ಆಪರೇಟಿಂಗ್ ಸಿಸ್ಟಮ್) ಹಾಕಿ ಮೂರು ವರ್ಷ ದಾಟಿತು. ಮೊದಲು ಅದರ 21ನೇ ಆವೃತ್ತಿ, ಈಗ 22. ನೋಡಲು ಹೇಗಿದೆ, ಎಷ್ಟು ರ‍್ಯಾಮ್ ಬೇಕು, ಆಫೀಸ್ ಫೈಲುಗಳು ಸರಿಯಾಗಿ ತೆರೆಯುತ್ತವೆಯೇ ಎಂಬುದನ್ನೆಲ್ಲ ಬೇಕಾದಷ್ಟು ಜನ ಬರೆದಿದ್ದಾರೆ. ಇಲ್ಲಿ ಹೇಳುವುದು ಇಂಟರ್ನೆಟ್ ಬಗ್ಗೆ ಮಾತ್ರ. ಮಿಂಟ್ ಹಾಕಿಕೊಂಡವರು ಬೇಸತ್ತು ಬಿಟ್ಟುಬಿಡುವುದು ಹೆಚ್ಚಾಗಿ ಇದೇ ಜಾಗದಲ್ಲಿ, ಅದೂ ಬಹಳ ಸಲ ಸಿಸ್ಟಮ್‌ನದಲ್ಲದ ತಪ್ಪಿಗೆ.

ತಪ್ಪು ಇರುವುದು ನಾನೂರು, ಐನೂರು ರೂಪಾಯಿಗೆ ಸಿಗುವ ಯುಎಸ್‌ಬಿ ವೈಫೈ ಡಾಂಗಲ್‌ನಲ್ಲಿ, ಅಂದರೆ ಕಂಪ್ಯೂಟರ್‌ಗೆ ವೈಫೈ ಕೊಡುವ ಪುಟ್ಟ ಕಡ್ಡಿಯಲ್ಲಿ. ಡಬ್ಬಿಯ ಮೇಲೆ ಯಾವ ಕಂಪನಿಯ ಹೆಸರಿದ್ದರೂ ಒಳಗಿನ ಚಿಪ್ ಯಾವುದು ಅನ್ನುವುದೇ ಮುಖ್ಯ. ಈ ಬೆಲೆಯಲ್ಲಿ ಬರುವ ಎರಡು ಬ್ಯಾಂಡಿನ ಪುಟ್ಟ ಡಾಂಗಲ್‌ಗಳಲ್ಲಿ ರಿಯಲ್‌ಟೆಕ್ ಕಂಪನಿಯ 8811ಸಿಯು, 8821ಸಿಯು ಜಾತಿಯ ಚಿಪ್ ಸಾಮಾನ್ಯ. ಮಿಂಟ್ 21 ಬಂದಿದ್ದು 5.15 ಕರ್ನಲ್ (ಯಂತ್ರದ ಭಾಗಗಳನ್ನು ನಡೆಸುವ ಸಿಸ್ಟಮ್‌ನ ತಿರುಳು) ಜೊತೆ. ಈ ಚಿಪ್‌ಗೆ ಕರ್ನಲ್‌ನೊಳಗೇ ಡ್ರೈವರ್ (ಚಿಪ್ ಜೊತೆ ಮಾತಾಡುವ ತಂತ್ರಾಂಶ) ಸೇರಿದ್ದು 6.2ರಲ್ಲಿ, ಅಂದರೆ 2023ರಲ್ಲಿ. ಹಾಗಾಗಿ 21ರಲ್ಲಿ ಡಾಂಗಲ್ ಚುಚ್ಚಿದರೆ ಏನೂ ಆಗುವುದಿಲ್ಲ. ಡಬ್ಬಿಯ ಮೇಲೆ ‘ಲಿನಕ್ಸ್ ಸಪೋರ್ಟ್’ ಅಂತ ಅಚ್ಚಾಗಿರುತ್ತದೆ, ನಿಜ. ಆದರೆ ಹಾಗೆಂದರೆ ಯಾವುದೋ ಹಳೆಯ ಕರ್ನಲ್‌ಗೆ ಬರೆದ ಸೋರ್ಸ್ ಕೋಡಿನ ಜಿಪ್ ಫೈಲ್ ಎಲ್ಲೋ ಇದೆ ಅಂತ ಅಷ್ಟೇ ಅರ್ಥ. ಕೊಳ್ಳುವವರಿಗೆ ಇದನ್ನು ಬಿಡಿಸಿ ಹೇಳದೆ ಮಾರುವುದು ಮೋಸವೇ.

ಇದಕ್ಕೂ ಮೊದಲು ಇನ್ನೊಂದು ತೊಡಕು. ಚುಚ್ಚಿದ ತಕ್ಷಣ ಡಾಂಗಲ್ ತನ್ನನ್ನು ವೈಫೈ ಅಂತ ಪರಿಚಯಿಸಿಕೊಳ್ಳುವುದೇ ಇಲ್ಲ. ವಿಂಡೋಸ್ ಡ್ರೈವರ್ ತುಂಬಿದ ಸಿಡಿ ಡ್ರೈವ್ ಅಂತ ಕಾಣಿಸಿಕೊಳ್ಳುತ್ತದೆ. ಟರ್ಮಿನಲ್‌ನಲ್ಲಿ (ಕಮಾಂಡ್ ಬರೆಯುವ ಕಿಟಕಿಯಲ್ಲಿ) ‘ಎಲ್‌ಎಸ್‌ಯುಎಸ್‌ಬಿ’ ಕೊಟ್ಟು ನೋಡಿ. ಐಡಿಯ ಕೊನೆಯಲ್ಲಿ 1ಎ2ಬಿ ಇದ್ದರೆ ಅದು ಇನ್ನೂ ಸಿಡಿ ವೇಷದಲ್ಲೇ ಇದೆ. ಫೈಲ್ ಮ್ಯಾನೇಜರ್‌ನ ಎಡಗಡೆ ಕಾಣುವ ಸಿಡಿ ಗುರುತಿನ ಪಕ್ಕದ ಇಜೆಕ್ಟ್ ಬಾಣ ಒತ್ತಿದರೆ ವೇಷ ಕಳಚುತ್ತದೆ. ಮತ್ತೆ ಅದೇ ಕಮಾಂಡ್ ಕೊಟ್ಟರೆ ಐಡಿ ಸಿ811ನಂಥ ಬೇರೆ ಸಂಖ್ಯೆಗೆ ಬದಲಾಗಿರುತ್ತದೆ. ಹೀಗೆ ಬದಲಾಗದೆ ಡ್ರೈವರ್ ಹಾಕಿ ಪ್ರಯೋಜನವಿಲ್ಲ.

ಇನ್ನು ಡ್ರೈವರ್ ಕಟ್ಟುವ ಕೆಲಸ. ಡಿಕೆಎಂಎಸ್ (ಪ್ರತಿ ಕರ್ನಲ್‌ಗೂ ಡ್ರೈವರನ್ನು ಮತ್ತೆ ಕಟ್ಟಿಕೊಡುವ ಸಾಧನ), ಬಿಲ್ಡ್ ಎಸೆನ್ಶಿಯಲ್ (ಕೋಡ್ ಕಟ್ಟುವ ಸಲಕರಣೆ), ಓಡುತ್ತಿರುವ ಕರ್ನಲ್‌ನ ಹೆಡರ್ಸ್ (ಡ್ರೈವರ್ ಕಟ್ಟಲು ಬೇಕಾದ ಕರ್ನಲ್‌ನ ವಿವರದ ಫೈಲುಗಳು), ಈ ಮೂರು ಪ್ಯಾಕೇಜ್ ಇರಲೇಬೇಕು. ಹೆಡರ್ಸ್‌ನ ಆವೃತ್ತಿ ‘ಯುನೇಮ್ -ಆರ್’ ತೋರಿಸುವ ಸಂಖ್ಯೆಗೆ ಅಕ್ಷರಶಃ ಹೊಂದಬೇಕು. 5.15.0-91 ಓಡುತ್ತಿರುವಾಗ 5.15.0-94ರ ಹೆಡರ್ಸ್ ಇದ್ದರೆ ಆಗದು. ಡ್ರೈವರ್ ಕೂತ ಮೇಲೂ ಸೆಕ್ಯೂರ್ ಬೂಟ್ (ಸಹಿ ಇಲ್ಲದ ಕೋಡನ್ನು ತಡೆಯುವ ರಕ್ಷಣೆ) ಆನ್ ಇದ್ದರೆ ‘ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್’ ಅನ್ನುವ ಸಂದೇಶ ಬರುತ್ತದೆ. ಅಂಥ ಕಡೆ ಡ್ರೈವರ್ ಹಾಕುವಾಗಲೇ ಒಂದು ಪಾಸ್‌ವರ್ಡ್ ಕೇಳಿರುತ್ತದೆ. ರೀಬೂಟ್ ಆದಾಗ ಬರುವ ನೀಲಿ ಪರದೆಯಲ್ಲಿ ‘ಎನ್ರೋಲ್ ಎಂಒಕೆ’ (ನಿಮ್ಮ ಸಹಿಯ ಕೀಯನ್ನು ನೋಂದಾಯಿಸು) ಆರಿಸಿ ಆ ಪಾಸ್‌ವರ್ಡ್ ಕೊಡಬೇಕು. ಆ ಪರದೆ ಹತ್ತು ಸೆಕೆಂಡ್ ಕಾದು ಸುಮ್ಮನೆ ಮುಂದೆ ಹೋಗಿಬಿಡುತ್ತದೆ. ಅಷ್ಟರಲ್ಲಿ ಯಾವುದಾದರೂ ಕೀ ಒತ್ತದಿದ್ದರೆ ಮತ್ತೆ ಮೊದಲಿನಿಂದ.

ಇಷ್ಟಾದರೂ ಸಹಿಸಬಹುದಿತ್ತು. ಸಹಿಸಲಾಗದ್ದು ಪ್ರತಿ ಕರ್ನಲ್ ಅಪ್‌ಡೇಟ್‌ನ ನಂತರದ ಬೆಳಗು. ಹೊರಗಿನಿಂದ ತಂದ ಡ್ರೈವರ್ ಹೊಸ ಕರ್ನಲ್‌ಗೆ ಹೊಸದಾಗಿ ಕಟ್ಟಿಕೊಳ್ಳಬೇಕು. ಡಿಕೆಎಂಎಸ್ ಅದನ್ನು ತಾನೇ ಮಾಡುತ್ತದೆ, ಆದರೆ ಕರ್ನಲ್‌ನ ಒಳಗಿನ ಒಂದು ಫಂಕ್ಷನ್ ಬದಲಾದರೂ ಸಾಕು, ಕಟ್ಟುವಿಕೆ ಅರ್ಧಕ್ಕೆ ನಿಲ್ಲುತ್ತದೆ. ಕಂಪ್ಯೂಟರ್ ಹಾಕಿದರೆ ವೈಫೈ ಪಟ್ಟಿಯೇ ಇಲ್ಲ. ಆಗ ಗಾಬರಿಯಾಗಿ ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಬೇಡಿ. ಕಂಪ್ಯೂಟರ್ ಶುರುವಾಗುವಾಗ ಶಿಫ್ಟ್ ಹಿಡಿದುಕೊಳ್ಳಿ, ಯುಇಎಫ್‌ಐ (ಹೊಸ ಕಂಪ್ಯೂಟರ್‌ಗಳ ಬೂಟ್ ವ್ಯವಸ್ಥೆ) ಇರುವಲ್ಲಿ ಎಸ್ಕೇಪ್ ತಟ್ಟಿ. ‘ಅಡ್ವಾನ್ಸ್ಡ್ ಆಪ್ಷನ್ಸ್’ ಒಳಗೆ ಹಿಂದಿನ ಕರ್ನಲ್ ಇನ್ನೂ ಇರುತ್ತದೆ. ಅದರಲ್ಲಿ ವೈಫೈ ಬಂದರೆ ಡಾಂಗಲ್ ಸುಟ್ಟಿಲ್ಲ, ರೌಟರ್ ಕೆಟ್ಟಿಲ್ಲ, ಹೊಸ ಕರ್ನಲ್‌ಗೆ ಡ್ರೈವರ್ ಆಗಿಲ್ಲ ಅಷ್ಟೇ ಅಂತ ಖಾತ್ರಿಯಾಯಿತು. ‘ಡಿಕೆಎಂಎಸ್ ಸ್ಟೇಟಸ್’ ಕೊಟ್ಟರೆ ಯಾವ ಕರ್ನಲ್‌ನ ಮುಂದೆ ‘ಇನ್‌ಸ್ಟಾಲ್ಡ್’ ಇದೆ, ಯಾವುದರ ಮುಂದೆ ಇಲ್ಲ ಎಂಬುದೂ ಕಾಣುತ್ತದೆ.

ಈಗ ಸಂತೋಷದ ಭಾಗಕ್ಕೆ ಬರುತ್ತೇನೆ. ಡ್ರೈವರ್ ಇಳಿಸಲು ಇಂಟರ್ನೆಟ್ ಬೇಕು, ಇಂಟರ್ನೆಟ್ ಬರಲು ಡ್ರೈವರ್ ಬೇಕು. ಈ ಗಂಟನ್ನು ಬಿಡಿಸಿದ್ದು ಆಂಡ್ರಾಯ್ಡ್ ಫೋನ್ ಮತ್ತು ಅದರ ಕೇಬಲ್. ಫೋನನ್ನು ಯುಎಸ್‌ಬಿ ಕೇಬಲ್‌ನಿಂದ ಕಂಪ್ಯೂಟರ್‌ಗೆ ಜೋಡಿಸಿ, ಸೆಟ್ಟಿಂಗ್ಸ್‌ನ ಹಾಟ್‌ಸ್ಪಾಟ್ ಭಾಗದಲ್ಲಿ ‘ಯುಎಸ್‌ಬಿ ಟೆಥರಿಂಗ್’ ಆನ್ ಮಾಡಿ. ಕೇಬಲ್ ಜೋಡಿಸುವವರೆಗೆ ಆ ಸ್ವಿಚ್ ಮಸುಕಾಗೇ ಇರುತ್ತದೆ. ಎರಡು ಮೂರು ಸೆಕೆಂಡಿನಲ್ಲಿ ಮಿಂಟ್‌ನ ಕೆಳಮೂಲೆಯಲ್ಲಿ ವೈರ್ಡ್ ಕನೆಕ್ಷನ್ ಗುರುತು ಬರುತ್ತದೆ. ಡ್ರೈವರ್ ಬೇಡ, ಪಾಸ್‌ವರ್ಡ್ ಬೇಡ, ಯಾವುದೇ ಕಮಾಂಡ್ ಬೇಡ. ಹಲವರಿಗೆ ಗೊತ್ತಿಲ್ಲದ ಸಂಗತಿಯೆಂದರೆ, ಫೋನ್ ಮನೆಯ ವೈಫೈಗೆ ಸೇರಿದ್ದರೆ ಅದೇ ವೈಫೈಯನ್ನು ಕೇಬಲ್ ಮೂಲಕ ಕಂಪ್ಯೂಟರ್‌ಗೆ ದಾಟಿಸುತ್ತದೆ. ಮೊಬೈಲ್ ಡೇಟಾ ಒಂದು ಎಂಬಿ ಕೂಡ ಖರ್ಚಾಗುವುದಿಲ್ಲ. ಫೋನೇ ವೈಫೈ ಡಾಂಗಲ್ ಆಯಿತು! ಒಂದೇ ಎಚ್ಚರಿಕೆ, ಬರೀ ಚಾರ್ಜಿಂಗ್‌ಗೆ ಮಾಡಿದ ಕೇಬಲ್‌ನಲ್ಲಿ ಡೇಟಾ ತಂತಿ ಇರುವುದಿಲ್ಲ. ಟೆಥರಿಂಗ್ ಸ್ವಿಚ್ ಮಸುಕಾಗೇ ಉಳಿದರೆ ಮೊದಲು ಕೇಬಲ್ ಬದಲಿಸಿ. ಹೊಸ ಪಿಸಿಗೆ ಮಿಂಟ್ ಹಾಕುವ ಯಾರೇ ಆಗಲಿ ಈ ಕೇಬಲ್ ಕೈಗೆ ಸಿಗುವಂತೆ ಇಟ್ಟುಕೊಂಡೇ ಶುರು ಮಾಡಬೇಕು.

ನೆಟ್ ಹೋದಾಗ ಎಲ್ಲಿ ಹೋಗಿದೆ ಅಂತ ಹುಡುಕುವ ಕೆಲಸದಲ್ಲಿ ಮಿಂಟ್ ನಿಜಕ್ಕೂ ಇಷ್ಟವಾಗುತ್ತದೆ, ಏಕೆಂದರೆ ಕೇಳಿದ್ದಕ್ಕೆ ನೇರವಾಗಿ ಉತ್ತರ ಕೊಡುತ್ತದೆ. ಕಂಪ್ಯೂಟರ್ ಮುಟ್ಟುವ ಮೊದಲು ಫೈಬರ್ ಪೆಟ್ಟಿಗೆಯ ದೀಪ ನೋಡಿ. ‘ಎಲ್‌ಒಎಸ್’ ದೀಪ ಕೆಂಪಾಗಿದ್ದರೆ ಬೆಳಕೇ ಮನೆಯವರೆಗೆ ಬರುತ್ತಿಲ್ಲ, ಯಾವ ಸಿಸ್ಟಮ್ ಇದ್ದರೂ ಅಷ್ಟೇ. ದೀಪ ಸರಿಯಿದ್ದರೆ ‘ಐಪಿ ರೂಟ್’ ಕೊಡಿ. ‘ಡಿಫಾಲ್ಟ್ ವಯಾ’ ಅಂದಮೇಲೆ ಬರುವ ಸಂಖ್ಯೆ, ಸಾಮಾನ್ಯವಾಗಿ 192.168.1.1, ನಿಮ್ಮ ರೌಟರ್‌ನದು. ಆ ಸಾಲೇ ಇಲ್ಲದಿದ್ದರೆ ರೌಟರ್ ವಿಳಾಸ ಕೊಟ್ಟಿಲ್ಲ ಎಂದರ್ಥ. ಸಾಲಿದ್ದರೆ ಅದೇ ಸಂಖ್ಯೆಗೆ ಪಿಂಗ್ ಮಾಡಿ, ಅಂದರೆ ಉತ್ತರ ಬರುತ್ತದೆಯೇ ಅಂತ ಸಣ್ಣ ಪ್ಯಾಕೆಟ್ ಕಳಿಸಿ ನೋಡಿ. ‘ಡೆಸ್ಟಿನೇಷನ್ ಹೋಸ್ಟ್ ಅನ್‌ರೀಚಬಲ್’ ಬಂದರೆ ತೊಂದರೆ ಕಂಪ್ಯೂಟರ್ ಮತ್ತು ರೌಟರ್ ನಡುವೆಯೇ ಇದೆ. ರೌಟರ್ ಉತ್ತರಿಸಿದರೆ ಇಂಟರ್ನೆಟ್‌ನಲ್ಲಿರುವ ಗೂಗಲ್‌ನ 8.8.8.8ಕ್ಕೆ ಪಿಂಗ್ ಮಾಡಿ. ಅದಕ್ಕೆ ಉತ್ತರ ಬಂದು, ವೆಬ್‌ಸೈಟಿನ ಹೆಸರು ಕೊಟ್ಟಾಗ ಮಾತ್ರ ‘ಟೆಂಪರರಿ ಫೇಲ್ಯೂರ್ ಇನ್ ನೇಮ್ ರೆಸಲ್ಯೂಷನ್’ ಅಂದರೆ ನೆಟ್ ಚೆನ್ನಾಗಿಯೇ ಇದೆ, ಹೆಸರನ್ನು ಸಂಖ್ಯೆ ಮಾಡಿಕೊಡುವ ಡಿಎನ್‌ಎಸ್ ಕೈಕೊಟ್ಟಿದೆ. ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಐಪಿವಿ4ರ ಒಳಗೆ ಡಿಎನ್‌ಎಸ್‌ನ ಆಟೋಮ್ಯಾಟಿಕ್ ಆಫ್ ಮಾಡಿ 1.1.1.1, 8.8.8.8 ಅಂತ ತುಂಬಿ, ಕನೆಕ್ಷನ್ ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ ಮುಗಿಯಿತು. ಈ ಕೊನೆಯ ಹಂತ ಬಿಟ್ಟವರು ಬದಲಾವಣೆ ಹಿಡಿಯಲಿಲ್ಲ ಅಂತ ದೂರುತ್ತಾರೆ.

ಇನ್ನೊಂದು ಕಾಯಿಲೆ ಇದಕ್ಕಿಂತ ಸೂಕ್ಷ್ಮ. ನೆಟ್ ಹೋಗುವುದಿಲ್ಲ, ಆದರೆ ಪುಟ ತೆರೆಯುವ ಮುನ್ನ ಒಂದು ತಡೆ, ಕರೆ ಮಾಡುವಾಗ ಮಾತು ತುಂಡು ತುಂಡು. ರೌಟರ್‌ಗೆ ಪಿಂಗ್ ಹಚ್ಚಿ ಒಂದು ನಿಮಿಷ ಬಿಡಿ. ಒಂದೇ ಕೋಣೆಯ ವೈಫೈಗೆ ಎರಡರಿಂದ ಐದು ಮಿಲಿಸೆಕೆಂಡ್ ಸಹಜ. ಅದು 3, 4, 98, 3, 112 ಅಂತ ಹಾರುತ್ತಿದ್ದರೆ ಪವರ್ ಸೇವ್ ಮೇಲೆ ಅನುಮಾನ ಪಡಿ. ಕಾರ್ಡ್ ವಿದ್ಯುತ್ ಉಳಿಸಲು ಆಗಾಗ ನಿದ್ದೆಗೆ ಜಾರುತ್ತದೆ, ಅದು ಏಳುವವರೆಗೆ ರೌಟರ್ ಪ್ಯಾಕೆಟ್‌ಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ರೌಟರ್ ತಾನಿದ್ದೇನೆ ಅಂತ ಸಾರುವ ಬೀಕನ್ ಬರುವುದು ಸುಮಾರು 102 ಮಿಲಿಸೆಕೆಂಡಿಗೊಮ್ಮೆ, ಅದಕ್ಕೇ ಏರಿಕೆ ನೂರರ ಆಸುಪಾಸಿನಲ್ಲಿ ಕಾಣುತ್ತದೆ. ಇದರ ಸ್ವಿಚ್ ಇಟಿಸಿ ಫೋಲ್ಡರಿನ ನೆಟ್‌ವರ್ಕ್‌ಮ್ಯಾನೇಜರ್ ಒಳಗೆ, ಕಾನ್ಫ್.ಡಿ ಅನ್ನುವ ಫೋಲ್ಡರಿನಲ್ಲಿದೆ. ‘ಡಿಫಾಲ್ಟ್-ವೈಫೈ-ಪವರ್‌ಸೇವ್-ಆನ್’ ಫೈಲನ್ನು ಸುಡೋ ನ್ಯಾನೋದಲ್ಲಿ (ಅಡ್ಮಿನ್ ಅಧಿಕಾರದ ಟರ್ಮಿನಲ್ ಎಡಿಟರ್‌ನಲ್ಲಿ) ತೆರೆದರೆ ಇರುವುದು ಎರಡೇ ಸಾಲು. ಎರಡನೆಯದರ 3 ಅನ್ನು 2 ಮಾಡಿ. 3 ಎಂದರೆ ಆನ್, 2 ಎಂದರೆ ಆಫ್. ಸೊನ್ನೆ ಹಾಕಿದರೆ ಆಫ್ ಆಗುತ್ತದೆ ಅಂದುಕೊಳ್ಳಬೇಡಿ, ಸೊನ್ನೆಗೆ ಡಿಫಾಲ್ಟ್ ಎಂದರ್ಥ. ಕಂಟ್ರೋಲ್ ಓ, ಎಂಟರ್, ಕಂಟ್ರೋಲ್ ಎಕ್ಸ್. ರೀಸ್ಟಾರ್ಟ್ ಮಾಡಿ ಮತ್ತೆ ಪಿಂಗ್ ಹಚ್ಚಿ. ಏರಿಳಿತ ಅಡಗಿ ಸಾಲುಸಾಲು 3, 3, 4 ಬರುವುದನ್ನು ನೋಡುವುದೇ ಒಂದು ಸಮಾಧಾನ. ಒಂದು ಅಂಕಿ ಬದಲಾಯಿಸಿ ಇಷ್ಟು ಫಲ ಸಿಗುವ ಜಾಗ ಬೇರೆ ಕಂಡಿಲ್ಲ. ಲ್ಯಾಪ್‌ಟಾಪಿನ ಒಳಗಿನ ಕಾರ್ಡಿಗೂ ಇದನ್ನು ಮಾಡಿ ನೋಡಿ, ಬ್ಯಾಟರಿ ಸ್ವಲ್ಪ ಬೇಗ ಇಳಿಯುತ್ತದೆ ಅಷ್ಟೇ.

ಮಿಂಟ್ 22 ಬಂದಿದ್ದು 2024ರ ಜುಲೈನಲ್ಲಿ, 6.8 ಕರ್ನಲ್ ಜೊತೆ. ಅಷ್ಟೆಲ್ಲ ಕಾಡಿದ ಅದೇ ಡಾಂಗಲ್ ಅಲ್ಲಿ ಹೊರಗಿನ ಡ್ರೈವರ್ ಇಲ್ಲದೆಯೇ ಓಡುತ್ತದೆ. ಆದರೆ 21ರಿಂದ ಮೇಲಕ್ಕೆ ಅಪ್‌ಗ್ರೇಡ್ ಆದವರಿಗೆ ಒಂದು ಹೊಂಡ ಕಾದಿರುತ್ತದೆ. ಹಿಂದೆ ಹೊರಗಿನಿಂದ ಹಾಕಿದ ಡ್ರೈವರ್, ಕರ್ನಲ್‌ನ ಸ್ವಂತ ಡ್ರೈವರನ್ನು ತಡೆಯುವ ಒಂದು ಬ್ಲ್ಯಾಕ್‌ಲಿಸ್ಟ್ ಸಾಲನ್ನು ಇಟಿಸಿಯ ಮಾಡ್‌ಪ್ರೋಬ್.ಡಿ ಫೋಲ್ಡರಿನಲ್ಲಿ ಬರೆದಿಟ್ಟಿರಬಹುದು. ಹಳೆಯದು ಕಟ್ಟಿಕೊಳ್ಳುವುದಿಲ್ಲ, ಹೊಸದಕ್ಕೆ ಒಳಗೆ ಬರಲು ಬಿಡುವುದಿಲ್ಲ. ಡಿಕೆಎಂಎಸ್‌ನಿಂದ ಹಳೆಯದನ್ನು ತೆಗೆದು, ಆ ಫೈಲನ್ನೂ ಅಳಿಸಿ ರೀಬೂಟ್ ಮಾಡಿ. ಇನ್ನೂ 21ರಲ್ಲೇ ಇರುವವರು ಅಪ್‌ಡೇಟ್ ಮ್ಯಾನೇಜರ್‌ನ ವ್ಯೂ ಮೆನುವಿನಲ್ಲಿ ‘ಲಿನಕ್ಸ್ ಕರ್ನಲ್ಸ್’ ತೆರೆದು 6.8 ಹಾಕಿಕೊಂಡರೂ ಅದೇ ಫಲ.

ಸಿಗ್ನಲ್ ವಿಷಯದಲ್ಲಿ ಒಂದು ಮಾತು. ಡಾಂಗಲ್ ಅನ್ನು ಕ್ಯಾಬಿನೆಟ್‌ನ ಹಿಂಭಾಗಕ್ಕೆ ಚುಚ್ಚಿದರೆ ಇಡೀ ತಗಡಿನ ಪೆಟ್ಟಿಗೆ ಅದಕ್ಕೆ ಅಡ್ಡ. ಪಕ್ಕದ ನೀಲಿ ಯುಎಸ್‌ಬಿ 3 ಪೋರ್ಟಿನಲ್ಲಿ ಹಾರ್ಡ್ ಡಿಸ್ಕ್ ಇದ್ದರಂತೂ 2.4 ಗಿಗಾಹರ್ಟ್ಸ್ ವೈಫೈ ಕಕ್ಕಾಬಿಕ್ಕಿ, ಏಕೆಂದರೆ ಯುಎಸ್‌ಬಿ 3 ಹೊರಸೂಸುವ ಗದ್ದಲ ಅದೇ ಅಲೆಗಳ ಮೇಲೆ ಬೀಳುತ್ತದೆ. ಒಂದು ಮೀಟರ್‌ನ ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಡಾಂಗಲ್ ಅನ್ನು ಮೇಜಿನ ಮೇಲಿಡಿ, ಸಾಧ್ಯವಾದರೆ 5 ಗಿಗಾಹರ್ಟ್ಸ್ ಹೆಸರಿಗೆ ಸೇರಿಸಿ.

ಕರೆಂಟು ಹೋಗಿ ಬರುವ ಊರುಗಳಲ್ಲಿ ಇದನ್ನೂ ಗಮನಿಸಬೇಕು. ಕರೆಂಟು ಬಂದಾಗ ಕಂಪ್ಯೂಟರ್ ಬೇಗ ಏಳುತ್ತದೆ, ರೌಟರ್‌ಗೆ ಒಂದೆರಡು ನಿಮಿಷ ಬೇಕು. ಮಿಂಟ್‌ನಲ್ಲಿ ನೆಟ್ ಜೋಡಿಸುವ ನೆಟ್‌ವರ್ಕ್ ಮ್ಯಾನೇಜರ್ ನಾಲ್ಕು ಸಲ ಪ್ರಯತ್ನಿಸಿ ಸೋತರೆ ಐದು ನಿಮಿಷ ಸುಮ್ಮನಾಗುತ್ತದೆ. ಜನ ಅಷ್ಟರಲ್ಲಿ ಎಲ್ಲವನ್ನೂ ಮತ್ತೆ ಮತ್ತೆ ಆಫ್ ಮಾಡಿ ಆನ್ ಮಾಡುತ್ತಾರೆ. ‘ಎನ್‌ಎಂಸಿಎಲ್‌ಐ ಕನೆಕ್ಷನ್ ಮಾಡಿಫೈ’, ನಂತರ ನಿಮ್ಮ ವೈಫೈ ಹೆಸರು, ನಂತರ ‘ಕನೆಕ್ಷನ್.ಆಟೋಕನೆಕ್ಟ್-ರಿಟ್ರೈಸ್ 0’ ಅಂತ ಒಮ್ಮೆ ಕೊಟ್ಟರೆ ಸಿಗುವವರೆಗೂ ಪ್ರಯತ್ನ ಬಿಡುವುದಿಲ್ಲ. ಇಲ್ಲಿ ಸೊನ್ನೆ ಎಂದರೆ ಮಿತಿಯಿಲ್ಲ.

ಮಿಂಟ್‌ಗೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಇಂಥ ಡಾಂಗಲ್‌ಗೆ 21ರ ಕಾಲದಲ್ಲಿ ಒಂದು, ಈಗ ಮೂರು. ಬಾಡಿಗೆ ಮನೆ, ಗೋಡೆ ಕೊರೆಯುವಂತಿಲ್ಲ ಅನ್ನುವವರು ಸ್ವಲ್ಪ ಹೆಚ್ಚು ಕೊಟ್ಟು ಮೀಡಿಯಾಟೆಕ್‌ನ ಎಂಟಿ7612ಯು ಚಿಪ್ ಇರುವುದನ್ನು ಹುಡುಕಿ ಕೊಳ್ಳಿ. ಅದರ ಡ್ರೈವರ್ 2018ರ 4.19 ಕರ್ನಲ್‌ನಿಂದಲೇ ಒಳಗಿದೆ, ಅಪ್‌ಡೇಟ್ ಬಂದರೆ ಎದೆ ಹೊಡೆದುಕೊಳ್ಳಬೇಕಿಲ್ಲ.

ಸ್ವಂತ ಮನೆಯಾದರೆ ರೌಟರ್‌ನಿಂದ ಕಂಪ್ಯೂಟರ್‌ವರೆಗೆ ಕ್ಯಾಟ್ 6 ನೆಟ್‌ವರ್ಕ್ ಕೇಬಲ್ ಎಳೆಸಿಬಿಡಿ. ಎಳೆದವರು ಹೋಗುವ ಮುನ್ನ ‘ಈಥ್‌ಟೂಲ್’, ನಂತರ ನೆಟ್‌ವರ್ಕ್ ಪೋರ್ಟಿನ ಹೆಸರು ಕೊಟ್ಟು ಸ್ಪೀಡ್ ಸಾಲು ನೋಡಿ. ಅಲ್ಲಿ 1000 ಬರಬೇಕು. 100 ಅಂತ ತೋರಿಸಿದರೆ ಎಂಟು ತಂತಿಗಳಲ್ಲಿ ಯಾವುದೋ ಒಂದು ಪ್ಲಗ್‌ನಲ್ಲಿ ಸರಿಯಾಗಿ ಕೂತಿಲ್ಲದಿರುವ ಸಾಧ್ಯತೆ ಹೆಚ್ಚು. ಗಿಗಾಬಿಟ್‌ಗೆ ಎಂಟೂ ಬೇಕು, ನೂರಕ್ಕೆ 1, 2, 3, 6 ನಾಲ್ಕೇ ಸಾಕು. 100 ಎಂಬಿಪಿಎಸ್ ಪ್ಲಾನ್ ಇರುವವರಿಗೆ ಇದು ಗೊತ್ತೇ ಆಗುವುದಿಲ್ಲ. 300ರ ಪ್ಲಾನಿಗೆ ದುಡ್ಡು ಕಟ್ಟಿ 94ಕ್ಕೆ ನಿಂತುಬಿಟ್ಟರೆ ಎರಡೂ ತುದಿಯ ಪ್ಲಗ್ ಕತ್ತರಿಸಿ ಹೊಸದಾಗಿ ಕ್ರಿಂಪ್ ಮಾಡಿಸಿ.