ಸಮಗ್ರ ಕಾರು ವಿಮೆ: ಕ್ಲೇಮ್ ಇತ್ಯರ್ಥವಾದ ಮೇಲೊಂದು ವಿಮರ್ಶೆ

ನಾಲ್ಕು ವರ್ಷ ದಾಟಿದ ನಮ್ಮ ಸಣ್ಣ ಕಾರು ಅಪಘಾತಕ್ಕೀಡಾಗಿ ಬಂಪರ್, ಬಾನೆಟ್ ಹಾಗೂ ಮುಂದಿನ ಗಾಜು ಹಾಳಾದಾಗ ಖಾಸಗಿ ಕಂಪನಿಯೊಂದರ ಸಮಗ್ರ ಪಾಲಿಸಿ ನಮ್ಮಲ್ಲಿತ್ತು. ಇಂಥ ಪಾಲಿಸಿಯು ದುರಸ್ತಿಯ ಪೂರ್ತಿ ಬಿಲ್ಲನ್ನು ಭರಿಸುವುದಿಲ್ಲ. ಪ್ಲಾಸ್ಟಿಕ್ ಮತ್ತು ರಬ್ಬರ್ ಭಾಗಗಳು, ಟಯರ್, ಬ್ಯಾಟರಿ ಇವುಗಳ ಬೆಲೆಯಲ್ಲಿ ಶೇ. 50ರಷ್ಟನ್ನು ಸವಕಳಿಯೆಂದು, ಅಂದರೆ ಬಳಕೆಯಿಂದ ಕುಸಿದ ಬೆಲೆಯೆಂದು, ಕಳೆಯಲಾಗುತ್ತದೆ. ಲೋಹದ ಭಾಗಗಳಿಗೆ ಸವಕಳಿಯು ಕಾರಿನ ವಯಸ್ಸಿನೊಂದಿಗೆ ಏರುತ್ತ ಹೋಗಿ, ನಾಲ್ಕರಿಂದ ಐದು ವರ್ಷದ ಕಾರಿಗೆ ಶೇ. 35 ತಲುಪುತ್ತದೆ, ಗಾಜಿಗೆ ಮಾತ್ರ ಸವಕಳಿಯಿಲ್ಲ. ಇದರ ಜೊತೆಗೆ, 1,500 ಸಿಸಿವರೆಗಿನ ಕಾರಿಗೆ ಪ್ರತಿ ಕ್ಲೇಮಿನಲ್ಲೂ 1,000 ರೂಪಾಯಿ ಕಡ್ಡಾಯವಾಗಿ ಕಡಿತವಾಗುತ್ತದೆ.

ಹಾನಿಯನ್ನು ಅಂದಾಜು ಮಾಡುವ ಸರ್ವೇಯರ್ ಬೇಗ ಬಂದರು, ನಗದುರಹಿತ ದುರಸ್ತಿಯೂ ಸರಾಗವಾಗಿ ನಡೆಯಿತು. ಆದರೆ ಈ ಲೆಕ್ಕವನ್ನು ಬಿಡಿಸಿ ಹೇಳಿದವರು ಕಂಪನಿಯವರಲ್ಲ, ಗ್ಯಾರೇಜಿನವರು. ಪಾಲಿಸಿ ಮಾರುವಾಗ ತೋರುವ ಉತ್ಸಾಹದಲ್ಲಿ ಕಾಲುಭಾಗ ಇಲ್ಲಿ ತೋರಿದ್ದರೂ ಸಾಕಿತ್ತು! ಬಂಪರ್‌ಗಳೆಲ್ಲ ಪ್ಲಾಸ್ಟಿಕ್ಕಿನವೇ ಆಗಿರುವ ಇಂದಿನ ಕಾರುಗಳಿಗೆ, ಹೆಚ್ಚುವರಿ ಪ್ರೀಮಿಯಂ ತೆತ್ತಾದರೂ ಭಾಗಗಳ ಬೆಲೆಯಲ್ಲಿ ಸವಕಳಿ ಕಳೆಯದ ಝೀರೋ ಡೆಪ್ರಿಸಿಯೇಶನ್ ಸೌಲಭ್ಯವನ್ನು ಸೇರಿಸಿಕೊಳ್ಳುವುದು ಲಾಭಕರ. ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಕೈತಪ್ಪುವುದರಿಂದ, ಸಣ್ಣ ಗೀರುಗಳ ಖರ್ಚನ್ನು ನಾವೇ ಭರಿಸುವುದು ಮೇಲು. ಸೇವೆಗೆ ಐದರಲ್ಲಿ ಮೂರು ಅಂಕ.